ಮಿದುಳು ಗಡ್ಡೆ ಗುಣವಾದ ಮಗುವಿನ ಹಾರ್ಮೋನು ಮತ್ತು ನಿದ್ರೆ: ಕಲಬುರಗಿಯೋ, ಹೈದರಾಬಾದೋ, ಬೆಂಗಳೂರೋ?

“ಗಡ್ಡಿ ಹೋಗ್ಯಾದ ಅಂತ ಸ್ಕ್ಯಾನಿನ್ಯಾಗ ಬಂದಾದ್ರಿ ಅಕ್ಕಾ, ಆದ್ರ ಹುಡುಗ ಕ್ಲಾಸಿನ್ಯಾಗ ಮಲಗ್ಲಾಕತ್ತಾನ. ಈಗ ಎಲ್ಲಿ ತೋರಸ್ಬೇಕ್ರಿ?” ಚಿಂಚೋಳಿಯಿಂದ, ಔರಾದದಿಂದ, ಶಹಾಪುರದಿಂದ ನನಗೆ ಬರುವ ಕರೆಗಳು ಹೆಚ್ಚುಕಡಿಮೆ ಹೀಗೇ ಆರಂಭವಾಗುತ್ತವೆ. ಒಬ್ಬರ ಮಗ ಮೂರು ವರ್ಷದಿಂದ ಅದೇ ಅಳತೆಯ ಚಪ್ಪಲಿ ಹಾಕುತ್ತಿದ್ದಾನೆ, ಇನ್ನೊಬ್ಬರ ಮಗಳ ತೂಕ ಊಟ ಕಡಿಮೆ ಮಾಡಿದರೂ ಏರುತ್ತಿದೆ, ಮತ್ತೊಬ್ಬರ ಮಗು ರಾತ್ರಿ ನಾಲ್ಕು ಸಲ ಎದ್ದು ನೀರು ಕುಡಿಯುತ್ತದೆ. ಇವರೆಲ್ಲರ ಮಕ್ಕಳೂ ಮಿದುಳು ಗಡ್ಡೆಯಿಂದ ಗುಣವಾದವರು.

ನಾನು ವೈದ್ಯೆಯಲ್ಲ. ನಮ್ಮ ಮಗಳಿಗೆ ಆರನೆಯ ವಯಸ್ಸಿನಲ್ಲಿ ಕ್ರೇನಿಯೋಫ್ಯಾರಿಂಜಿಯೋಮಾ ಎಂಬ ಗಡ್ಡೆಯ ಶಸ್ತ್ರಚಿಕಿತ್ಸೆಯಾಯಿತು, ಮರುವರ್ಷ ನಮ್ಮ ಕಡೆ ‘ಕರೆಂಟ್ ಕೊಡೋದು’ ಎನ್ನುವ ರೇಡಿಯೇಶನ್ ಆಯಿತು. ಅಂದಿನಿಂದ ಎಂಟು ವರ್ಷ ಕಲಬುರಗಿ, ಹೈದರಾಬಾದು, ಬೆಂಗಳೂರು ಮೂರೂ ಕಡೆ ಫೈಲು ಹಿಡಿದು ಓಡಾಡಿದ್ದೇವೆ. ಯಾವ ಊರು ಒಳ್ಳೆಯದು ಎಂದು ಕೇಳುವವರಿಗೆ ನಾನು ಮೊದಲು ಒಂದು ಮರುಪ್ರಶ್ನೆ ಹಾಕುತ್ತೇನೆ: ನಿಮ್ಮ ಮಗುವಿನ ತೊಂದರೆ ಗಂಟೆಗಳದ್ದೋ, ತಿಂಗಳುಗಳದ್ದೋ? ಇದಕ್ಕೆ ಉತ್ತರ ಗೊತ್ತಾದರೆ ಊರಿನ ಆಯ್ಕೆ ಅರ್ಧ ಮುಗಿದಂತೆ.

ತೊಂದರೆ ಏಕೆ ತಡವಾಗಿ ಬರುತ್ತದೆ

ಕಡಲೆ ಕಾಳಿನಷ್ಟು ಚಿಕ್ಕದಾದ ಪಿಟ್ಯುಟರಿ ಗ್ರಂಥಿ ಮಿದುಳಿನ ಬುಡದಲ್ಲಿದೆ; ಅದರ ಮೇಲಿರುವ ಹೈಪೋಥಲಾಮಸ್ ಅದಕ್ಕೆ ಆಜ್ಞೆ ಕೊಡುತ್ತದೆ. ಬೆಳವಣಿಗೆ, ಥೈರಾಯ್ಡ್, ಕಾರ್ಟಿಸೋಲ್ (ಜ್ವರ, ಪೆಟ್ಟಿನಂಥ ಒತ್ತಡವನ್ನು ದೇಹ ತಡೆದುಕೊಳ್ಳಲು ಬೇಕಾದ ಹಾರ್ಮೋನು), ಋತುಮತಿಯಾಗುವುದು, ದೇಹದ ನೀರಿನ ಲೆಕ್ಕ ಎಲ್ಲವೂ ಇವೆರಡರ ಹಿಡಿತದಲ್ಲಿವೆ. ಹಸಿವು ಮತ್ತು ನಿದ್ರೆ-ಎಚ್ಚರಗಳ ಗಡಿಯಾರವೂ ಇದೇ ಹೈಪೋಥಲಾಮಸ್ಸಿನಲ್ಲಿರುವುದರಿಂದ, ಹಾರ್ಮೋನಿನ ತೊಂದರೆ ಇರುವ ಮಗುವಿಗೆ ನಿದ್ರೆಯ ತೊಂದರೆಯೂ ಬರುವುದು ಕಾಕತಾಳೀಯವಲ್ಲ.

ಕ್ರೇನಿಯೋಫ್ಯಾರಿಂಜಿಯೋಮಾದಂತೆ ಗಡ್ಡೆ ಅದೇ ಜಾಗದಲ್ಲಿದ್ದರೆ ಕೊರತೆಗಳು ಆಪರೇಷನ್ನಿನ ಬೆನ್ನಲ್ಲೇ ಕಾಣಿಸುತ್ತವೆ. ಮೆಡುಲ್ಲೋಬ್ಲಾಸ್ಟೋಮಾದಂತೆ ಗಡ್ಡೆ ಹಿಂದಲೆಯಲ್ಲಿದ್ದು, ಇಡೀ ತಲೆಗೂ ಬೆನ್ನುಹುರಿಗೂ ರೇಡಿಯೇಶನ್ ಆಗಿದ್ದರೆ ಕೊರತೆಗಳು ವರ್ಷಗಳ ನಂತರ ಒಂದೊಂದಾಗಿ ಬರುತ್ತವೆ. ಸಾಮಾನ್ಯವಾಗಿ ಮೊದಲು ಕುಗ್ಗುವುದು ಬೆಳವಣಿಗೆಯ ಹಾರ್ಮೋನು. ಆ ಭಾಗಕ್ಕೆ ಬಿದ್ದ ಪ್ರಮಾಣ 30 ಗ್ರೇ (ರೇಡಿಯೇಶನ್ ಅಳೆಯುವ ಮಾನ) ಅಥವಾ ಹೆಚ್ಚಾಗಿದ್ದರೆ ಥೈರಾಯ್ಡ್ ಮತ್ತು ಕಾರ್ಟಿಸೋಲಿಗೆ ಸಂಬಂಧಿಸಿದ ಆಜ್ಞೆಗಳೂ ಮುಂದೆ ಕಡಿಮೆಯಾಗಬಹುದು. ಅಂಥ ಮಕ್ಕಳಿಗೆ ಪ್ರತಿ ವರ್ಷ, ಜೀವನಪರ್ಯಂತ ಈ ಪರೀಕ್ಷೆಗಳು ಆಗಬೇಕೆಂದು ಹಾರ್ಮೋನು ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2018ರ ಮಾರ್ಗಸೂಚಿ ಹೇಳುತ್ತದೆ. ಬೆನ್ನಿಗೆ ರೇಡಿಯೇಶನ್ ಆದವರಲ್ಲಿ ಕುತ್ತಿಗೆಯ ಥೈರಾಯ್ಡ್ ಗ್ರಂಥಿಗೂ ಅದರ ಪಾಲು ಬಿದ್ದಿರುತ್ತದೆಂಬುದನ್ನು ಹಲವರು ಮರೆಯುತ್ತಾರೆ.

ಆದ್ದರಿಂದ ಊರು ಯಾವುದೇ ಆಗಲಿ, ಮೊದಲು ಕೈಗೆ ಬರಬೇಕಾದ ಕಾಗದ ರೇಡಿಯೇಶನ್ ಸಾರಾಂಶ: ಎಷ್ಟು ಗ್ರೇ, ಯಾವ ಭಾಗಕ್ಕೆ, ಯಾವ ತಿಂಗಳಲ್ಲಿ. ಡಿಸ್ಚಾರ್ಜ್ ಕಾಗದದಲ್ಲಿ ‘ರೇಡಿಯೋಥೆರಪಿ ಪೂರ್ಣ’ ಎಂಬ ಒಂದು ಸಾಲು ಮಾತ್ರವಿದ್ದರೆ ಚಿಕಿತ್ಸೆ ಕೊಟ್ಟ ವಿಭಾಗಕ್ಕೆ ಹೋಗಿ ವಿವರ ಬರೆಸಿಕೊಳ್ಳಿ. ಹತ್ತು ವರ್ಷದ ನಂತರ ಕೇಳಲು ಹೋದವರಿಗೆ ರಿಜಿಸ್ಟರ್ ಹುಡುಕಿಕೊಡುವವರು ಸಿಗುವುದು ಕಷ್ಟ.

ಯಾವ ಮಾನದಂಡದಿಂದ ಅಳೆಯಬೇಕು

ಮೊದಲನೆಯ ಮಾನದಂಡ ನಾನು ಹೇಳಿದ ಗಡಿಯಾರ. ಕಾರ್ಟಿಸೋಲ್ ಕೊರತೆ ಗಂಟೆಗಳ ವಿಷಯ. ಅಂಥ ಮಗುವಿಗೆ ಜ್ವರ ಅಥವಾ ವಾಂತಿ-ಭೇದಿ ಹತ್ತಿದರೆ, ಕುಡಿದ ಮಾತ್ರೆಯೂ ಹೊರಗೆ ಬಂದು, ರಕ್ತದೊತ್ತಡ ಮತ್ತು ಸಕ್ಕರೆ ಕುಸಿದು ಜೀವಕ್ಕೆ ಅಪಾಯವಾಗಬಹುದು. ಆಗ ಬೇಕಾಗುವುದು ಕಾರ್ಟಿಸೋಲಿನ ಕೊರತೆ ತುಂಬುವ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಮತ್ತು ಸಲೈನ್, ಅದೂ ತಡವಿಲ್ಲದೆ. ನೀರಿನ ಹಾರ್ಮೋನಿನ, ಅಂದರೆ ದೇಹದಲ್ಲಿ ನೀರನ್ನು ಹಿಡಿದಿಡುವ ಹಾರ್ಮೋನಿನ, ಕೊರತೆಯೂ ಗಂಟೆಗಳ ವಿಷಯವೇ. ಇದಕ್ಕೆ ಡಯಾಬಿಟೀಸ್ ಇನ್ಸಿಪಿಡಸ್ ಎಂಬ ಹಳೆಯ ಹೆಸರಿದೆ. ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ, ಆದರೂ ‘ಡಯಾಬಿಟೀಸ್’ ಎಂಬ ಶಬ್ದ ನೋಡಿದ ಕೂಡಲೇ ವಾರ್ಡಿನಲ್ಲಿ ಸಕ್ಕರೆ ಪರೀಕ್ಷೆಗೆ ಬೆರಳು ಚುಚ್ಚಿ, ಈ ಹಾರ್ಮೋನಿನ ಬದಲಿಗೆ ಕೊಡಬೇಕಾದ ಡೆಸ್ಮೋಪ್ರೆಸಿನ್ ಔಷಧವನ್ನೇ ಬಿಟ್ಟುಬಿಡುವ ಅಪಾಯವಿದೆ. ಈ ಗೊಂದಲ ತಪ್ಪಿಸಲೆಂದೇ 2022ರಲ್ಲಿ ತಜ್ಞರ ಅಂತರರಾಷ್ಟ್ರೀಯ ಗುಂಪೊಂದು ಅದಕ್ಕೆ ‘ಆರ್ಜಿನೈನ್ ವ್ಯಾಸೊಪ್ರೆಸಿನ್ ಕೊರತೆ’ ಎಂಬ ಹೊಸ ಹೆಸರು ಸೂಚಿಸಿತು. ನಮ್ಮ ಮಗಳ ಫೈಲಿನ ಮೇಲೆ ಎರಡೂ ಹೆಸರುಗಳನ್ನು ಕೆಂಪು ಸ್ಕೆಚ್ ಪೆನ್ನಿನಿಂದ ಬರೆದು, ಕೆಳಗೆ ‘ಶುಗರ್ ಇಲ್ಲ’ ಎಂದು ಸೇರಿಸಿದ್ದೇವೆ.

ಬೆಳವಣಿಗೆ, ಥೈರಾಯ್ಡ್, ಪ್ರೌಢತ್ವ ಇವು ತಿಂಗಳುಗಳ ವಿಷಯ. ಇಲ್ಲಿ ನಾಳೆಯೇ ಓಡಬೇಕಾದ್ದಿಲ್ಲ. ಆದರೆ ಆರು ತಿಂಗಳಿಗೊಮ್ಮೆ ತಪ್ಪದೆ ಅಳೆಯುವ ಶಿಸ್ತು ಬೇಕು. ನಿದ್ರೆ ಇವೆರಡರ ನಡುವಿನದು. ಹಗಲು ತೂಕಡಿಕೆಯನ್ನು ಕೆಲವು ವಾರ ಗಮನಿಸಿ ನೋಡಬಹುದು, ಆದರೆ ನಿದ್ರೆಯಲ್ಲಿ ಉಸಿರು ನಿಂತು ನಿಂತು ಬರುತ್ತಿದ್ದರೆ, ತುಟಿ ನೀಲಿಗಟ್ಟಿದರೆ ಕಾಯುವಂತಿಲ್ಲ. ಇದ್ದಕ್ಕಿದ್ದಂತೆ ಹೆಚ್ಚಿದ ನಿದ್ದೆಯ ಜೊತೆ ತಲೆನೋವು, ವಾಂತಿ ಇದ್ದರೆ ಅದು ಗಡ್ಡೆ ಮರಳಿರುವ ಅಥವಾ ತಲೆಯಲ್ಲಿ ನೀರು ತುಂಬಿರುವ ಲಕ್ಷಣವಿರಬಹುದು. ಶಂಟ್ (ಆ ನೀರನ್ನು ತಲೆಯಿಂದ ಹೊರಗೆ ಹರಿಸುವ ನಳಿಕೆ) ಹಾಕಿಸಿಕೊಂಡ ಮಕ್ಕಳಲ್ಲಂತೂ ಮೊದಲು ನೆನಪಾಗಬೇಕಾದದ್ದು ಇದೇ, ನಿದ್ರೆ ಪರೀಕ್ಷೆ ಆಮೇಲಿನದು.

ಎರಡನೆಯ ಮಾನದಂಡ, ವರದಿಯನ್ನು ಓದುವವರು ಯಾರು ಎಂಬುದು. ರಕ್ತ ಎಲ್ಲಿ ಬೇಕಾದರೂ ತೆಗೆಯುತ್ತಾರೆ. ನಮ್ಮ ಮಗಳ ಥೈರಾಯ್ಡನ್ನು ಒಂದು ಕಡೆ ಟಿಎಸ್‌ಎಚ್ (ಪಿಟ್ಯುಟರಿ ಥೈರಾಯ್ಡಿಗೆ ಕಳಿಸುವ ಆಜ್ಞೆ) ಮಾತ್ರ ನೋಡಿ “ನಾರ್ಮಲ್” ಎಂದು ಕಳಿಸಿದರು. ಮಗು ಮಾತ್ರ ದಿನದಿನಕ್ಕೆ ಮಂಕಾಗಿ, ಸೆಕೆಯಲ್ಲೂ ಚಾದರ ಹೊದ್ದು ಮಲಗುತ್ತಿದ್ದಳು. ಐದು ತಿಂಗಳ ನಂತರ ಇನ್ನೊಬ್ಬ ವೈದ್ಯರು ಫ್ರೀ ಟಿ4, ಅಂದರೆ ಥೈರಾಯ್ಡ್ ಹಾರ್ಮೋನನ್ನೇ ಅಳೆಯುವ ಪರೀಕ್ಷೆ, ಬರೆದುಕೊಟ್ಟಾಗ ಅದು ತೀರ ಕೆಳಗಿತ್ತು. ಪಿಟ್ಯುಟರಿಯೇ ಸೋತಿರುವಾಗ ಟಿಎಸ್‌ಎಚ್ ಏರುವುದಿಲ್ಲ, ಆದ್ದರಿಂದ ಅದೊಂದನ್ನೇ ನೋಡಿದರೆ ಕೊರತೆ ತಪ್ಪಿಹೋಗುತ್ತದೆ. ಬೆಳವಣಿಗೆಯ ಹಾರ್ಮೋನಿನ ವಿಷಯದಲ್ಲೂ ಹೀಗೆಯೇ: ತಲೆಗೆ ರೇಡಿಯೇಶನ್ ಆದವರಲ್ಲಿ ಆ ಹಾರ್ಮೋನಿನ ಮಟ್ಟವನ್ನು ಪರೋಕ್ಷವಾಗಿ ತೋರಿಸುವ ಐಜಿಎಫ್-1 ರಕ್ತಪರೀಕ್ಷೆ ಒಂದನ್ನೇ ನಂಬಿ ‘ಕೊರತೆ ಇಲ್ಲ’ ಎನ್ನಲಾಗದು. ಪ್ರೌಢತ್ವ ಬೇಗ ಆರಂಭವಾದ ಮಗು, ಅಂದರೆ ಎಂಟರೊಳಗೆ ಹುಡುಗಿ, ಒಂಬತ್ತರೊಳಗೆ ಹುಡುಗ, ಸ್ವಲ್ಪ ಕಾಲ ಚೆನ್ನಾಗಿಯೇ ಎತ್ತರವಾಗುವುದರಿಂದ ಬೆಳವಣಿಗೆಯ ಕೊರತೆ ಅದರ ಹಿಂದೆ ಮರೆಯಾಗಿರುತ್ತದೆ. ಇದನ್ನೆಲ್ಲ ಗುರುತಿಸಲು ಇಂಥ ಮಕ್ಕಳನ್ನು ಮೊದಲು ನೋಡಿದ ಕಣ್ಣು ಬೇಕು.

ಮೂರನೆಯದು ಖರ್ಚು. ಇದರಲ್ಲಿ ಫೀಸಿಗಿಂತ ದೊಡ್ಡದು ದಾರಿಯ ಖರ್ಚು ಮತ್ತು ತಪ್ಪಿದ ಕೂಲಿ. ತೊಗರಿ ರಾಶಿಯ ಕಾಲದಲ್ಲಿ ಇಬ್ಬರು ದೊಡ್ಡವರು ನಾಲ್ಕು ದಿನ ಊರು ಬಿಟ್ಟರೆ ಏನಾಗುತ್ತದೆಂದು ಹೊಲದ ಮನೆಯವರಿಗೆ ಹೇಳಬೇಕಾಗಿಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವಿದೆ, ಆದರೆ ಅದರ ಬಲ ಮುಖ್ಯವಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ತಿಂಗಳು ತಿಂಗಳ ಮಾತ್ರೆಯ ಬಿಲ್ಲು ಸಾಮಾನ್ಯವಾಗಿ ಮನೆಯವರ ಜೇಬಿನಿಂದಲೇ ಹೋಗುತ್ತದೆಂದು ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಕಲಬುರಗಿಯಲ್ಲೇ ನೋಡಿಸಿಕೊಳ್ಳುವುದು

ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಾದ ಜಿಮ್ಸ್, ಇಎಸ್‌ಐಸಿ ವೈದ್ಯಕೀಯ ಕಾಲೇಜು, ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಪ್ರಾದೇಶಿಕ ಘಟಕ, ಹಲವು ಖಾಸಗಿ ಆಸ್ಪತ್ರೆಗಳು ಇಲ್ಲಿವೆ. ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಎಂಬ ಸರ್ಕಾರಿ ಆಸ್ಪತ್ರೆಗಳಿವೆ. ಗಂಟೆಗಳ ಗಡಿಯಾರದ ತೊಂದರೆಯಿರುವ ಮಗುವಿಗೆ ಇವುಗಳಲ್ಲಿ ಮನೆಗೆ ಹತ್ತಿರದ್ದೇ ಮೊದಲ ಆಯ್ಕೆ, ಉಳಿದದ್ದೆಲ್ಲ ಎರಡನೆಯದು. ಸೋಡಿಯಂ ಪರೀಕ್ಷೆ, ಸಲೈನ್, ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಇವಿಷ್ಟಕ್ಕೆ ಮಹಾನಗರ ಬೇಕಾಗಿಲ್ಲ. ಇಲ್ಲಿ ಕೊರತೆಯಾಗುವುದು ಔಷಧದ್ದಲ್ಲ. ರಾತ್ರಿ ಎರಡು ಗಂಟೆಗೆ ಡ್ಯೂಟಿಯಲ್ಲಿರುವ ಕಿರಿಯ ವೈದ್ಯರಿಗೆ ಈ ಮಗುವಿನ ಕಥೆ ಗೊತ್ತಿರುವುದಿಲ್ಲ. ಅದಕ್ಕಾಗಿ ನಾವು ಮಗಳು ಚೆನ್ನಾಗಿದ್ದ ಒಂದು ದಿನವೇ ಹತ್ತಿರದ ಆಸ್ಪತ್ರೆಗೆ ಹೋಗಿ, ಮಕ್ಕಳ ವಿಭಾಗದ ಹಿರಿಯ ವೈದ್ಯರನ್ನು ಕಂಡು, ತಜ್ಞರು ಬರೆದುಕೊಟ್ಟ ಒಂದು ಪುಟದ ತುರ್ತು ಪತ್ರವನ್ನು ತೋರಿಸಿ ಬಂದೆವು. ಮುಂದೆ ಎರಡು ಸಲ ಅದು ಕೆಲಸಕ್ಕೆ ಬಂತು.

ಬೆಳಿಗ್ಗೆ ಎಂಟರ ಸುಮಾರಿಗೆ ತೆಗೆಯಬೇಕಾದ ಕಾರ್ಟಿಸೋಲ್ ರಕ್ತವನ್ನೂ ಊರಲ್ಲೇ ಕೊಡುವುದು ಲೇಸು. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು, ನಿದ್ದೆಗೆಟ್ಟು, ಹನ್ನೊಂದಕ್ಕೆ ಸರದಿಯಲ್ಲಿ ನಿಂತು ಕೊಟ್ಟ ರಕ್ತದ ಸಂಖ್ಯೆ ದಾರಿ ತಪ್ಪಿಸುತ್ತದೆ. ಈಗಾಗಲೇ ಹೈಡ್ರೊಕಾರ್ಟಿಸೋನ್ ಮಾತ್ರೆ ನುಂಗುತ್ತಿರುವ ಮಗುವಾದರೆ ಮಾತ್ರೆಯ ನಂತರ ತೆಗೆದ ವರದಿ ಮಾತ್ರೆಯದೇ ವರದಿಯಾಗಿರುತ್ತದೆ. ಎಷ್ಟು ಹೊತ್ತು ಮೊದಲು ಮಾತ್ರೆ ನಿಲ್ಲಿಸಬೇಕೆಂಬುದನ್ನು ತಜ್ಞರೇ ಹೇಳಬೇಕು, ಮನೆಯಲ್ಲಿ ತೀರ್ಮಾನಿಸಬಾರದು.

ಎತ್ತರ ಅಳೆಯುವುದಕ್ಕೂ ಊರೇ ಸಾಕು, ಆದರೆ ಪ್ರತಿ ಸಲ ಅದೇ ಗೋಡೆಯ ಅದೇ ಪಟ್ಟಿಯಲ್ಲಿ. ಪ್ರೌಢತ್ವಕ್ಕೆ ಮುಂಚಿನ ಆರೋಗ್ಯವಂತ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂ.ಮೀ. ಬೆಳೆಯುತ್ತದೆ. ಬೆನ್ನಿಗೆ ರೇಡಿಯೇಶನ್ ಆಗಿದ್ದರೆ ಕುಳಿತಾಗಿನ ಎತ್ತರವನ್ನೂ ಬೇರೆಯಾಗಿ ಬರೆಸಿ, ಏಕೆಂದರೆ ಕಾಲು ಬೆಳೆದು ಬೆನ್ನು ಬೆಳೆಯದೆ ಉಳಿದಿರುವುದು ನಿಂತ ಎತ್ತರದಲ್ಲಿ ಕಾಣುವುದಿಲ್ಲ.

ಊರಿನ ಮಿತಿ ಗೊತ್ತಿರಲಿ. ಬೆಳವಣಿಗೆಯ ಹಾರ್ಮೋನಿನ ಉದ್ದೀಪನ ಪರೀಕ್ಷೆಯಲ್ಲಿ ಖಾಲಿ ಹೊಟ್ಟೆಯ ಮಗುವಿಗೆ ಕ್ಲೋನಿಡಿನ್ ಅಥವಾ ಗ್ಲುಕಗಾನ್ ಕೊಟ್ಟು, ಎರಡು ಮೂರು ಗಂಟೆ ಕಾಲ ಹಲವು ಸಲ ರಕ್ತ ತೆಗೆಯುತ್ತಾರೆ. ಬಿಪಿ ಇಳಿಯುವುದೂ ಸಕ್ಕರೆ ಇಳಿಯುವುದೂ ಉಂಟು. ಇದನ್ನು ವಾರಕ್ಕೊಮ್ಮೆಯಾದರೂ ಮಾಡುವ ಕಡೆ ಮಾಡಿಸಬೇಕೆಂಬುದು ನನ್ನ ಅಭಿಪ್ರಾಯ.

ಹೈದರಾಬಾದು

ಬೀದರಿನವರಿಗೆ ಹೈದರಾಬಾದು ಕಾಕನ ಮನೆಯಿದ್ದಂತೆ. ಸುಮಾರು 140 ಕಿ.ಮೀ. ದಾರಿ, ಬೆಳಿಗ್ಗೆ ಹೋಗಿ ರಾತ್ರಿ ಮನೆಯಲ್ಲಿ ಊಟ ಮಾಡಬಹುದು. ಕಲಬುರಗಿಯಿಂದ ಸುಮಾರು 220 ಕಿ.ಮೀ. 1956ರವರೆಗೆ ಇವೆಲ್ಲ ಒಂದೇ ಹೈದರಾಬಾದ್ ರಾಜ್ಯದ ಊರುಗಳಾಗಿದ್ದ ಗುರುತು ಮಾತಿನಲ್ಲಿ ಇನ್ನೂ ಉಳಿದಿದೆ. ದಖ್ಖನಿ ಬಲ್ಲವರಿಗೆ ಅಲ್ಲಿನ ವಾರ್ಡುಗಳಲ್ಲಿ ಮಾತಿನ ತೊಡಕಿಲ್ಲ. ಹಾರ್ಮೋನಿನ ಪ್ರತ್ಯೇಕ ವಿಭಾಗವಿರುವ ನಿಮ್ಸ್ ಆಸ್ಪತ್ರೆ ಪಂಜಗುಟ್ಟದಲ್ಲಿದೆ. ಕ್ಯಾನ್ಸರಿನ ಎಂಎನ್‌ಜೆ ಸಂಸ್ಥೆ ಮತ್ತು ಮಕ್ಕಳ ನಿಲೋಫರ್ ಆಸ್ಪತ್ರೆ ರೆಡ್ ಹಿಲ್ಸ್ ಕಡೆ ಒಂದಕ್ಕೊಂದು ಹತ್ತಿರದಲ್ಲಿವೆ. ಖಾಸಗಿ ಆಸ್ಪತ್ರೆಗಳಿಗೆ ಕೊರತೆಯೇ ಇಲ್ಲ, ಬಿಲ್ಲಿಗೂ.

ತೊಡಕಿರುವುದು ಕಾಗದಪತ್ರದಲ್ಲಿ. ರಾಜ್ಯ ಬೇರೆಯಾದ್ದರಿಂದ ನಿಮ್ಮ ಆಯುಷ್ಮಾನ್ ಕಾರ್ಡು ಅಲ್ಲಿ ಯಾವ ಚಿಕಿತ್ಸೆಗೆ ನಡೆಯುತ್ತದೆಂಬುದನ್ನು ಹೊರಡುವ ಮೊದಲೇ ಆ ಆಸ್ಪತ್ರೆಯಲ್ಲಿ ಇಂಥ ಕಾರ್ಡುಗಳ ಕೆಲಸ ನೋಡುವ ಆರೋಗ್ಯಮಿತ್ರರಲ್ಲಿ ವಿಚಾರಿಸಬೇಕು; ವಾರ್ಡಿನ ಬಾಗಿಲಲ್ಲಿ ಗೊತ್ತಾದರೆ ಸಾಲ ಮಾಡಬೇಕಾಗುತ್ತದೆ. ಶಸ್ತ್ರಚಿಕಿತ್ಸೆ ಮತ್ತು ರೇಡಿಯೇಶನ್ ಎರಡೂ ಅಲ್ಲೇ ಆಗಿದ್ದರೆ, ಅದೇ ಕಡತ ಮುಂದುವರಿಯುವುದೊಂದು ದೊಡ್ಡ ಲಾಭ. ಬೀದರಿನವರಿಗೆ ನನ್ನ ಶಿಫಾರಸು ಹೆಚ್ಚಾಗಿ ಇದೇ.

ಬೆಂಗಳೂರು

ಕಲಬುರಗಿಯಿಂದ ಹತ್ತಿರ ಹತ್ತಿರ 600 ಕಿ.ಮೀ. ಆದರೂ ಅಲ್ಲಿ ಒಂದು ಅನುಕೂಲವಿದೆ, ಅದನ್ನು ಹೋಗಿ ನೋಡುವವರೆಗೆ ನಮಗೂ ತಿಳಿದಿರಲಿಲ್ಲ: ಕಿದ್ವಾಯಿ, ನಿಮ್ಹಾನ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮೂರೂ ಅಕ್ಕಪಕ್ಕದ ಆವರಣಗಳಲ್ಲಿವೆ. ಕ್ಯಾನ್ಸರ್, ನರ ಮತ್ತು ನಿದ್ರೆ, ಮಕ್ಕಳ ಹಾರ್ಮೋನು, ಈ ಮೂರಕ್ಕೂ ಒಂದೇ ಆಟೋ ಸಾಕು. ನಿಮ್ಹಾನ್ಸಿನಲ್ಲಿ ನಿದ್ರೆಯ ಪ್ರಯೋಗಾಲಯವಿದೆ. ಸರ್ಕಾರಿ ದರ, ಕನ್ನಡದಲ್ಲೇ ಮಾತು, ರಾಜ್ಯದ ಕಾರ್ಡು. ಬದಲಿಗೆ ತೆರಬೇಕಾದದ್ದು ಸರದಿ: ಒಂದು ದಿನದಲ್ಲಿ ಮೂರನ್ನೂ ಮುಗಿಸುವ ಆಸೆ ಬೇಡ, ಮೂರು ನಾಲ್ಕು ದಿನ ಇಟ್ಟುಕೊಳ್ಳಿ. ಯಾದಗಿರಿ ಬೆಂಗಳೂರಿನ ರೈಲು ದಾರಿಯಲ್ಲೇ ಇರುವುದರಿಂದ ಅಲ್ಲಿನವರಿಗೆ ರಾತ್ರಿ ಹತ್ತಿ ಬೆಳಿಗ್ಗೆ ಇಳಿಯುವುದು ಹೈದರಾಬಾದಿನ ಬಸ್ ಬದಲಿಸುವುದಕ್ಕಿಂತ ಸುಲಭವೆನಿಸಬಹುದು.

ಕ್ಯಾನ್ಸರ್ ರೋಗಿ ಚಿಕಿತ್ಸೆಗಾಗಲಿ ನಿಯತ ತಪಾಸಣೆಗಾಗಲಿ ಹೋಗುವಾಗ ರೈಲ್ವೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ ಕೊಡುತ್ತದೆ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75. ಆಸ್ಪತ್ರೆಯ ಪ್ರಮಾಣಪತ್ರ ಬೇಕು. ನಮ್ಮ ಮಗಳ ಗಡ್ಡೆ ಸೂಕ್ಷ್ಮದರ್ಶಕದಡಿ ಕ್ಯಾನ್ಸರ್ ಜಾತಿಯದಲ್ಲವಾದ್ದರಿಂದ ಆ ಪತ್ರ ನಮಗೆ ಸಿಗಲಿಲ್ಲ. ಪಿಟ್ಯುಟರಿಯನ್ನು ಕಳೆದುಕೊಂಡ ಮಗುವಿಗೆ ಜಾತಿಯಿಂದ ಏನು ವ್ಯತ್ಯಾಸವಾಯಿತೆಂದು ಇಂದಿಗೂ ಅನ್ನಿಸುತ್ತದೆ. ಮೆಡುಲ್ಲೋಬ್ಲಾಸ್ಟೋಮಾ ಇದ್ದ ಮಕ್ಕಳ ಮನೆಯವರು ಇದನ್ನು ಬಿಡಬೇಡಿ.

ಫೋನಿನಲ್ಲಿ ನೋಡಿಸುವುದು ನಾಲ್ಕನೆಯ ದಾರಿ. ಸರ್ಕಾರದ ಇ-ಸಂಜೀವನಿ ಉಚಿತ. ಕೆಲವು ತಜ್ಞರು ತಮ್ಮ ಹಳೆಯ ರೋಗಿಗಳನ್ನು ವಿಡಿಯೋದಲ್ಲಿ ನೋಡುತ್ತಾರೆ. ವರದಿ ತೋರಿಸಿ ಮಾತ್ರೆಯ ಪ್ರಮಾಣ ಬದಲಿಸಿಕೊಳ್ಳಲು ಇದು ಧಾರಾಳ ಸಾಕು. ಪ್ರೌಢತ್ವದ ಹಂತ ನೋಡುವುದು, ಕಣ್ಣಿಗೆ ಅಕ್ಕಪಕ್ಕ ಎಷ್ಟು ಕಾಣುತ್ತದೆಂದು ನೋಡುವುದು ಇದರಿಂದ ಆಗದು. ಮೊದಲ ಭೇಟಿಗೆ ಇದನ್ನು ಆರಿಸಿಕೊಳ್ಳಬೇಡಿ.

ನಿದ್ರೆಗೆ ಯಾವ ಪರೀಕ್ಷೆ

ಇಲ್ಲಿ ನಾವೇ ದುಡ್ಡು ಕಳೆದುಕೊಂಡವರು. ಮಗಳು ಹನ್ನೊಂದರ ವಯಸ್ಸಿಗೆ ಮಧ್ಯಾಹ್ನದ ಪೀರಿಯಡ್ಡುಗಳಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗತೊಡಗಿದಾಗ, ಒಬ್ಬರ ಮಾತು ಕೇಳಿ ಮನೆಗೇ ಯಂತ್ರ ತರಿಸಿ ಒಂದು ರಾತ್ರಿಯ ಪರೀಕ್ಷೆ ಮಾಡಿಸಿದೆವು. ಬೆರಳಿಗೊಂದು ಕ್ಲಿಪ್, ಎದೆಗೊಂದು ಪಟ್ಟಿ, ಮೂಗಿಗೊಂದು ನಳಿಕೆ. ನಡುರಾತ್ರಿ ನಳಿಕೆ ಕಿತ್ತುಬಂತು. ವರದಿ ‘ನಾರ್ಮಲ್’ ಎಂದಿತು, ತೂಕಡಿಕೆ ಹಾಗೇ ಉಳಿಯಿತು. ಮಕ್ಕಳಲ್ಲಿ ಉಸಿರುಗಟ್ಟುವ ನಿದ್ರೆಯನ್ನು ಪತ್ತೆಹಚ್ಚಲು ಮನೆಯ ಯಂತ್ರವನ್ನು ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿ 2017ರಲ್ಲೇ ಬೇಡವೆಂದಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಅದು ಮಿದುಳಿನ ಅಲೆಗಳನ್ನು ದಾಖಲಿಸುವುದಿಲ್ಲ, ಮಗು ನಿಜಕ್ಕೂ ಮಲಗಿತ್ತೋ ಎಚ್ಚರವಿತ್ತೋ ಎಂಬುದೂ ಅದಕ್ಕೆ ಸರಿಯಾಗಿ ತಿಳಿಯದು.

ಖರ್ಚಿಲ್ಲದ ಪರೀಕ್ಷೆಯೇ ಮೊದಲು ಆಗಬೇಕು. ಎರಡು ವಾರ ನೋಟ್‌ಬುಕ್ಕಿನಲ್ಲಿ ಮಲಗಿದ ಹೊತ್ತು, ಎದ್ದ ಹೊತ್ತು, ರಾತ್ರಿ ಎದ್ದ ಸಲ, ಹಗಲು ಮಲಗಿದ ಸಲ, ಪ್ರತಿ ಮಾತ್ರೆಯ ಹೊತ್ತು ಬರೆಯಿರಿ. ಗೊರಕೆಯಿದ್ದರೆ ಮೊಬೈಲಿನಲ್ಲಿ ವಿಡಿಯೋ ಮಾಡಿ. ನಮ್ಮ ನೋಟ್‌ಬುಕ್ಕನ್ನು ಬೆಂಗಳೂರಿನ ವೈದ್ಯರೊಬ್ಬರು ಐದು ನಿಮಿಷ ತಿರುವಿಹಾಕಿ ಎರಡು ಸಾಲುಗಳ ಕೆಳಗೆ ಗೆರೆ ಎಳೆದರು. ಹೈಡ್ರೊಕಾರ್ಟಿಸೋನಿನ ದಿನದ ಕೊನೆಯ ಮಾತ್ರೆ ರಾತ್ರಿ ಒಂಬತ್ತಕ್ಕೆ ಹೋಗುತ್ತಿತ್ತು, ಏಕೆಂದರೆ ನಾವು ಅದನ್ನು ಊಟಕ್ಕೆ ಜೋಡಿಸಿದ್ದೆವು. ಹೊತ್ತು ಮೀರಿ ಕೊಟ್ಟರೆ ಅದು ನಿದ್ರೆಯನ್ನು ದೂಡುತ್ತದೆ. ಡೆಸ್ಮೋಪ್ರೆಸಿನ್ನಿನ ಪ್ರಭಾವ ನಸುಕಿನ ಮೂರಕ್ಕೇ ಮುಗಿದು, ಅಲ್ಲಿಂದ ಬೆಳಗಿನವರೆಗೆ ಮಗು ಮೂರು ಸಲ ಮೂತ್ರಕ್ಕೆ ಏಳುತ್ತಿತ್ತು. ಇವೆರಡರ ಹೊತ್ತನ್ನು ಬದಲಿಸಿದ ಮೇಲೆ ತೂಕಡಿಕೆ ಅರ್ಧಕ್ಕಿಳಿಯಿತು.

ಉಳಿದ ಅರ್ಧಕ್ಕೇ ಆಸ್ಪತ್ರೆಯ ಪರೀಕ್ಷೆ ಬೇಕಾದದ್ದು. ಆದ್ದರಿಂದ ಥೈರಾಯ್ಡ್, ಕಾರ್ಟಿಸೋಲ್, ನೀರು ಮೂರೂ ಹದಕ್ಕೆ ಬಂದ ನಂತರವೇ ನಿದ್ರೆಯ ದೊಡ್ಡ ಪರೀಕ್ಷೆಗೆ ಹಣ ಹಾಕಿ. ಉಸಿರು ನಿಲ್ಲುವ ಲಕ್ಷಣವಿರುವ ಮಗುವಿಗೆ ಮಾತ್ರ ಈ ಕ್ರಮ ಅನ್ವಯಿಸದು. ತೂಕ ಬಹಳ ಏರಿ ಗೊರಕೆ ಹೊಡೆಯುವವರಿಗೆ, ಮಿದುಳುಕಾಂಡದ ಬಳಿ ಗಡ್ಡೆಯಿದ್ದವರಿಗೆ ಆಸ್ಪತ್ರೆಯಲ್ಲಿ ಇಡೀ ರಾತ್ರಿ ನಡೆಯುವ, ಪಾಲಿಸೋಮ್ನೋಗ್ರಫಿ ಎಂಬ ನಿದ್ರೆ ಪರೀಕ್ಷೆ ಬೇಕು. ಮೊದಲಿನವರಲ್ಲಿ ಗಂಟಲ ದಾರಿ ಮುಚ್ಚುತ್ತದೆ, ಎರಡನೆಯವರಲ್ಲಿ ಉಸಿರಾಡು ಎಂಬ ಆಜ್ಞೆಯೇ ತಡವಾಗಬಹುದು. ಚಿಕಿತ್ಸೆ ಬೇರೆ ಬೇರೆ. ಉಸಿರು ಸರಿಯಿದ್ದು, ರಾತ್ರಿ ಸಾಕಷ್ಟು ಮಲಗಿಯೂ ಹಗಲು ತಡೆಯಲಾರದ ನಿದ್ದೆ ಬರುವವರಿಗೆ ಮರುದಿನವೂ ಉಳಿಸಿಕೊಂಡು, ಎರಡೆರಡು ಗಂಟೆಗೊಮ್ಮೆ ನಾಲ್ಕೈದು ಸಲ ಮಲಗಿಸಿ ನೋಡುವ ಎಂಎಸ್‌ಎಲ್‌ಟಿ ಮಾಡುತ್ತಾರೆ. ಸರಾಸರಿ 8 ನಿಮಿಷದೊಳಗೆ ನಿದ್ದೆ ಹತ್ತಿ, ಕನಸಿನ ನಿದ್ದೆ ಎರಡು ಸಲವಾದರೂ ಬೇಗನೆ ಬಂದರೆ ಹೈಪೋಥಲಾಮಸ್ಸಿನ ಪೆಟ್ಟಿನಿಂದಾದ ನಾರ್ಕೋಲೆಪ್ಸಿಯ (ಹಗಲು ತಡೆಯಲಾಗದ ನಿದ್ದೆಯ ಕಾಯಿಲೆ) ಶಂಕೆ ಬಲವಾಗುತ್ತದೆ. ಮೊಡಾಫಿನಿಲ್‌ನಂಥ ಎಚ್ಚರವಿಡುವ ಔಷಧದ ಮಾತು ಅಲ್ಲಿಂದ ಮುಂದೆ. ಅಂಗಡಿಯಲ್ಲಿ ಸಿಗುವ ಮೆಲಟೋನಿನ್ ಮಾತ್ರೆಯನ್ನು ತಾವೇ ತಂದು ಕೊಡುವವರಿದ್ದಾರೆ. ತೊಂದರೆ ನಿದ್ದೆಯ ಹೊತ್ತಿನದ್ದಾದರೆ ಅದು ಉಪಯೋಗವಾಗಬಹುದು, ಉಸಿರಿನದ್ದಾದರೆ ಅದರಿಂದ ಏನೂ ಆಗದು. ಯಾವುದೆಂದು ತಿಳಿಯದೆ ಕೊಡುವುದರಲ್ಲಿ ಅರ್ಥವಿಲ್ಲ.

ಔಷಧದಲ್ಲೂ ಆಯ್ಕೆಗಳಿವೆ

ಡೆಸ್ಮೋಪ್ರೆಸಿನ್ ಮೂಗಿನ ಸ್ಪ್ರೇ ಆಗಿಯೂ ಮಾತ್ರೆಯಾಗಿಯೂ ಸಿಗುತ್ತದೆ. ಸ್ಪ್ರೇ ಬೇಗ ಹತ್ತುತ್ತದೆ, ಆದರೆ ನೆಗಡಿಯಾದರೆ ಸರಿಯಾಗಿ ಒಳಹೋಗದು, ಕೆಲವು ಕಂಪನಿಗಳದ್ದನ್ನು ಫ್ರಿಜ್ಜಿನಲ್ಲೇ ಇಡಬೇಕು. ಮೇ ತಿಂಗಳ ಕಲಬುರಗಿಯಲ್ಲಿ, ಕರೆಂಟ್ ಹೋಗುವ ಹಳ್ಳಿಯಲ್ಲಿ, ಮಾತ್ರೆಯೇ ಅನುಕೂಲ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಸಂಖ್ಯೆ ನೋಡಿ ಹೊಂದಿಸಬೇಡಿ: ಸ್ಪ್ರೇಯ ಒಂದು ಪಫ್ 10 ಮೈಕ್ರೋಗ್ರಾಂ ಇದ್ದರೆ ಮಾತ್ರೆ 100 ಮೈಕ್ರೋಗ್ರಾಂ ಇರುತ್ತದೆ, ಹೊಟ್ಟೆಯಿಂದ ರಕ್ತಕ್ಕೆ ಹೋಗುವುದು ಅದರಲ್ಲಿ ಅತ್ಯಲ್ಪ. ಪ್ರಮಾಣ ಹೆಚ್ಚಾಗಿ ನೀರೂ ಹೆಚ್ಚು ಕುಡಿದರೆ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಫಿಟ್ಸಿಗೆ ಕಾರ್ಬಮಜೆಪಿನ್ ಕೊಡುತ್ತಿದ್ದರೆ ಈ ಅಪಾಯ ಇನ್ನೂ ಹೆಚ್ಚು, ಅದನ್ನು ವೈದ್ಯರಿಗೆ ನೀವೇ ನೆನಪಿಸಿ.

ಬೆಳವಣಿಗೆಯ ಹಾರ್ಮೋನಿನ ಇಂಜೆಕ್ಷನ್ನು ದಿನವೂ ರಾತ್ರಿ ಚುಚ್ಚುವಂಥದ್ದು, 2ರಿಂದ 8 ಡಿಗ್ರಿಯಲ್ಲಿ ಇಡಬೇಕಾದದ್ದು, ತೂಕ ಏರಿದಂತೆ ಖರ್ಚೂ ಏರುವಂಥದ್ದು. ಚಿಕಿತ್ಸೆ ಮುಗಿದು, ಗಡ್ಡೆ ಮರಳದೆ ಸಾಮಾನ್ಯವಾಗಿ ಒಂದು ವರ್ಷವಾದರೂ ಕಳೆದ ಮೇಲೆ ಇದನ್ನು ಆರಂಭಿಸುತ್ತಾರೆ. ಇದು ಕೊಟ್ಟರೆ ಗಡ್ಡೆ ಮರಳುತ್ತದೆಂಬ ಭಯ ಎಲ್ಲರಲ್ಲೂ ಇದೆ, ನಮ್ಮತ್ತೆಗೂ ಇತ್ತು; ಕೊರತೆ ಖಚಿತವಾದ ಮಕ್ಕಳಿಗೆ ಕೊಡಬಹುದೆಂದೇ ಮಾರ್ಗಸೂಚಿಯ ನಿಲುವು, ಆದರೂ ಕ್ಯಾನ್ಸರ್ ವೈದ್ಯರ ಒಪ್ಪಿಗೆ ಕಾಗದದಲ್ಲಿ ಇರಲಿ. ಹಣವಿಲ್ಲದೆ ನಡುನಡುವೆ ನಿಲ್ಲಿಸುವಂತಾದರೆ ಆರಂಭಿಸುವ ಮೊದಲೇ ಅದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಆದರೆ ಕಾರ್ಟಿಸೋಲ್ ಮತ್ತು ಥೈರಾಯ್ಡ್ ಮಾತ್ರೆಗಳಿಗೆ ಇಂಥ ಚೌಕಾಸಿಯಿಲ್ಲ. ಎರಡೂ ಕೊರತೆಯಿದ್ದರೆ ಮೊದಲು ಕಾರ್ಟಿಸೋಲ್, ನಂತರ ಥೈರಾಯ್ಡ್. ಕ್ರಮ ತಿರುಗಿದರೆ ಮಗು ಕುಸಿಯಬಹುದು.

ಯಾರಿಗೆ ಯಾವುದು

ಕಾರ್ಟಿಸೋಲ್ ಅಥವಾ ನೀರಿನ ಕೊರತೆಯಿರುವ ಮಗು ಹಳ್ಳಿಯಲ್ಲಿದ್ದರೆ, ಮೊದಲ ಹಣ ಹತ್ತಿರದ ಆಸ್ಪತ್ರೆಯ ಪರಿಚಯಕ್ಕೂ ಮನೆಯಲ್ಲಿಡುವ ಇಂಜೆಕ್ಷನ್ನಿಗೂ ಹೋಗಲಿ, ದೂರದ ತಜ್ಞರ ಭೇಟಿ ವರ್ಷಕ್ಕೊಂದೆರಡು ಸಲ ಸಾಕು. ಎತ್ತರ ಮತ್ತು ಥೈರಾಯ್ಡ್ ಮಾತ್ರದ ಪ್ರಶ್ನೆಯಿದ್ದರೆ, ಬೀದರಿನವರು ಹೈದರಾಬಾದಿಗೆ, ಯಾದಗಿರಿಯವರು ಬೆಂಗಳೂರಿಗೆ ಹೋಗಿ ಮಧ್ಯದ ಪರೀಕ್ಷೆಗಳನ್ನು ಊರಲ್ಲೇ ಮಾಡಿಸಬಹುದು. ಕಲಬುರಗಿಯವರಿಗೆ ಎರಡೂ ಸಮ, ಕಾರ್ಡು ಎಲ್ಲಿ ನಡೆಯುತ್ತದೋ ಅದೇ ಮೇಲು. ಉಸಿರಿನ ಮತ್ತು ನಿದ್ರೆಯ ತೊಂದರೆಯೇ ಮುಖ್ಯವಾಗಿದ್ದರೆ, ಮಕ್ಕಳ ಪಾಲಿಸೋಮ್ನೋಗ್ರಫಿ ಮಾಡುತ್ತೀರಾ, ಮರುದಿನದ ಎಂಎಸ್‌ಎಲ್‌ಟಿಯೂ ಇದೆಯೇ, ತಾಯಿ ಪಕ್ಕದಲ್ಲಿ ಮಲಗಬಹುದೇ ಎಂದು ಫೋನಿನಲ್ಲಿ ಕೇಳಿ, ಮೂರಕ್ಕೂ ಹೌದೆಂದ ಕಡೆ ಹೋಗಿ. ಸೊಲ್ಲಾಪುರ ಹತ್ತಿರವೆಂದು ಆಳಂದದ ಕಡೆಯವರು ಕೇಳುತ್ತಾರೆ. ಅದಕ್ಕೂ ಇವೇ ಪ್ರಶ್ನೆಗಳು.

ನಮ್ಮ ಮಗಳ ಶಾಲೆಯ ಚೀಲದ ಮುಂದಿನ ಜೇಬಿನಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿಯಿದೆ: 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನಿನ ಒಂದು ಸೀಸೆ, ನೀರಿನ ಆಂಪ್ಯೂಲ್, ಎರಡು ಸಿರಿಂಜು, ಅವಳ ತೂಕಕ್ಕೆ ಎಷ್ಟೆಂದು ವೈದ್ಯರು ಬರೆದ ಚೀಟಿ, ಮತ್ತು ನಮ್ಮಿಬ್ಬರ ಫೋನ್ ನಂಬರು. ಡಬ್ಬಿಯ ಮುಚ್ಚಳದ ಮೇಲೆ ಸೀಸೆಯ ಅವಧಿ ಮುಗಿಯುವ ತಿಂಗಳನ್ನು ಬರೆದಿದ್ದೇವೆ. ಹೊಸ ವರ್ಗದ ಮೇಷ್ಟ್ರಿಗೆ ಪ್ರತಿ ಜೂನ್ ಮೊದಲ ವಾರ ಅವಳೇ ಅದನ್ನು ತೆರೆದು ತೋರಿಸುತ್ತಾಳೆ.